ನೀರಿಗೆ ಬಿದ್ದ ಟಾರ್ಚು: ರಿಪೇರಿಯೋ, ಹೊಸದೋ?

ಜುಲೈ ತಿಂಗಳ ಒಂದು ಸಂಜೆ. ಮಲೆನಾಡಿನ ಮಳೆಯೆಂದರೆ ಗೊತ್ತಲ್ಲ, ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ದೀಪ ಬೇಕು. ದೀಪ ಹಾಕೋಣವೆಂದರೆ ಕರೆಂಟು ಹೋಗಿ ಎರಡು ದಿನವಾಗಿತ್ತು. ಬಸ್ಸಿಳಿದು ತೋಟದ ದಾರಿಯಲ್ಲಿ ಬರುತ್ತಿದ್ದ ಮಗ ಕಾಲು ಜಾರಿ ಬಿದ್ದ. ಕೈಯಲ್ಲಿದ್ದ ಟಾರ್ಚು ಕಾಲುವೆ ಸೇರಿತು. ಕೆಸರಿನಲ್ಲಿ ಕೈಯಾಡಿಸಿ ಹುಡುಕಿ ತೆಗೆಯುವಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು.

ಜಗಲಿಯಲ್ಲಿ ಸಭೆ ಸೇರಿತು. “ಬಚ್ಚಲ ಒಲೆ ಹತ್ತಿರ ಇಡು, ಬೆಳಿಗ್ಗೆಗೆ ಸರಿಯಾಗ್ತದೆ” ಎಂದರು ನನ್ನ ತಾಯಿ. “ಅಕ್ಕಿ ಡಬ್ಬದಲ್ಲಿ ಹುಗಿದಿಡಿ, ಮೊಬೈಲು ನೆನೆದರೆ ಹಾಗೇ ಮಾಡ್ತಾರಂತೆ” ಎಂದಳು ನನ್ನಾಕೆ. “ಇದರ ಕಥೆ ಮುಗೀತು ಅಪ್ಪಯ್ಯ, ಹೊಸದು ತಗೊಳ್ಳೋಣ” ಎಂದ ಮಗ. ನಾನು ಮಾತ್ರ ದೊಡ್ಡ ತಿಳಿದವನಂತೆ, “ಸೆಲ್ಲು ಮೊನ್ನೆ ಹಾಕಿದ್ದು, ಒಂದ್ಸಲ ಒತ್ತಿ ನೋಡು” ಎಂದೆ.

ನಾಲ್ಕು ಜನರ ಮಾತಿನಲ್ಲೂ ತಪ್ಪಿತ್ತು. ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನದು.

ಒತ್ತಿದ ಕೂಡಲೇ ದೀಪವೇನೋ ಹತ್ತಿತು. ಬಟ್ಟೆಯಿಂದ ಹೊರಮೈ ಒರೆಸಿ ಮೊಳೆಗೆ ನೇತುಹಾಕಿದೆವು. ಮರುದಿನ ಸಂಜೆ ಅದನ್ನೇ ಹಿಡಿದು ಮಗನನ್ನು ಕರೆತರಲು ಹೋದೆ. ವಾಪಸು ಬರುವಾಗ ಹಳ್ಳದ ಕಾಲುಸಂಕದ ನಡುವೆ ದೀಪ ಎರಡು ಸಲ ಮಿಣುಕಿ ಆರಿಹೋಯಿತು. ಕೆಳಗೆ ಕೆಂಪು ನೀರು ಭೋರೆನ್ನುತ್ತಿದೆ. ಮೊಬೈಲು ಚಾರ್ಜಿಲ್ಲದೆ ಮನೆಯಲ್ಲಿ ಬಿದ್ದಿದೆ. ಟಾರ್ಚಿನ ತಲೆಗೆ ಎಷ್ಟು ಗುದ್ದಿದರೂ ಪ್ರಯೋಜನವಾಗಲಿಲ್ಲ. ಮಗನ ಕೈ ಹಿಡಿದು, ಮರದ ದಿಮ್ಮಿಯನ್ನು ಪಾದದಿಂದ ತಡವುತ್ತಾ, ಹೆಜ್ಜೆಗೊಂದು ಹೆಜ್ಜೆ ಇಟ್ಟು ಆಚೆ ದಡ ಸೇರಿದೆವು.

ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದದ್ದು ಟಾರ್ಚಿನ ಬೆಲೆ 250 ರೂಪಾಯಿ ಎಂಬ ಲೆಕ್ಕವೊಂದೇ. ದಡ ಸೇರಿದ ಮೇಲೆ ಆ ಲೆಕ್ಕವೇ ಬದಲಾಯಿತು. ಹತ್ತದ ಟಾರ್ಚಿನಿಂದ ಅಪಾಯ ಕಡಿಮೆ, ಏಕೆಂದರೆ ಅದನ್ನು ನಂಬಿ ನಾವು ಹೊರಡುವುದಿಲ್ಲ. ಹತ್ತಿ, ಅರ್ಧದಾರಿಯಲ್ಲಿ ಕೈಕೊಡುವ ಟಾರ್ಚಿನಿಂದಲೇ ಅಪಾಯ ಹೆಚ್ಚು. ರಿಪೇರಿ ಮಾಡಬೇಕೋ, ಹೊಸದು ಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ಈ ಕಡೆಯಿಂದ ನೋಡಬೇಕು.

ಮೊದಲ ಕೆಲಸ

ಹಳ್ಳಿಗಳ ಕಡೆ ಟಾರ್ಚಿಗೇ ‘ಬ್ಯಾಟರಿ’ ಎನ್ನುವ ರೂಢಿಯುಂಟು. ಒಳಗೆ ಹಾಕುವುದು ‘ಸೆಲ್ಲು’. ಟಾರ್ಚು ನೀರಿಗೆ ಬಿದ್ದರೆ ಮಾಡಬೇಕಾದ ಮೊದಲ ಕೆಲಸ, ಸ್ವಿಚ್ಚು ಒತ್ತದೆ ಸೆಲ್ಲುಗಳನ್ನು ಹೊರತೆಗೆಯುವುದು. ಹತ್ತುತ್ತದೋ ಇಲ್ಲವೋ ಎಂಬ ಕುತೂಹಲವನ್ನು ಒಂದೆರಡು ದಿನ ತಡೆದುಕೊಳ್ಳಬೇಕು.

ಇದಕ್ಕೆ ಕಾರಣವನ್ನು ಹೈಸ್ಕೂಲು ಮಕ್ಕಳು ಪಾಠದಲ್ಲೇ ಓದಿರುತ್ತಾರೆ. ಶುದ್ಧ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದಿಲ್ಲ. ಆದರೆ ಕಾಲುವೆಯ ನೀರಾಗಲಿ ನಲ್ಲಿಯ ನೀರಾಗಲಿ ಶುದ್ಧವಲ್ಲ, ಅದರಲ್ಲಿ ಲವಣಗಳು ಕರಗಿರುತ್ತವೆ. ಹೀಗಾಗಿ ಸೆಲ್ಲು ಒಳಗಿದ್ದಷ್ಟು ಹೊತ್ತೂ ಆ ನೀರಿನ ಮೂಲಕ ಅಷ್ಟಿಷ್ಟು ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಪಠ್ಯಪುಸ್ತಕದಲ್ಲಿ ವಿದ್ಯುದ್ವಿಭಜನೆ ಎಂದು ಓದಿದ್ದು ಟಾರ್ಚಿನ ಹೊಟ್ಟೆಯಲ್ಲೇ ನಡೆಯುತ್ತದೆ. ಧನಾಗ್ರದ ಕಡೆಯ ಲೋಹ ಕರಗಿ ಸವೆಯುತ್ತದೆ. ಬರೀ ನೀರಿನಲ್ಲಿ ನೆನೆದ ತಾಮ್ರ ಕಿಲುಬು ಹಿಡಿಯಲು ದಿನಗಟ್ಟಲೆ ಬೇಕು, ವಿದ್ಯುತ್ತು ಹರಿಯುತ್ತಿದ್ದರೆ ಕೆಲವೇ ಗಂಟೆ ಸಾಕು.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಪ್ರಯೋಗ ಮಾಡಿ ನೋಡಬಹುದು. ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿ. ಎರಡು ಸೆಲ್ಲುಗಳನ್ನು ಜೋಡಿಸಿ, ಎರಡು ತುದಿಯಿಂದಲೂ ತಾಮ್ರದ ತಂತಿ ತಂದು, ಒಂದಕ್ಕೊಂದು ತಾಗದಂತೆ ಉಪ್ಪುನೀರಿನಲ್ಲಿ ಅದ್ದಿ. ಋಣ ತುದಿಯ ತಂತಿಯಲ್ಲಿ ಗುಳ್ಳೆಗಳೇಳುತ್ತವೆ. ಧನ ತುದಿಯ ತಂತಿ ಸವೆಯುತ್ತಾ ಹೋಗುತ್ತದೆ, ನೀರಿನ ಬಣ್ಣ ಕೆಡುತ್ತದೆ. ಪ್ರಯೋಗವನ್ನು ಕಿಟಕಿ ತೆರೆದಿಟ್ಟು ಮಾಡಿ, ಮುಗಿದ ಮೇಲೆ ನೀರು ಚೆಲ್ಲಿ ಕೈ ತೊಳೆಯಿರಿ. ಟಾರ್ಚಿನ ಸೆಲ್ಲಿನಿಂದ ಮಾಡುವ ಪ್ರಯೋಗವಿದು, ಗೋಡೆಯ ಪ್ಲಗ್ಗಿನಿಂದ ಎಂದೆಂದಿಗೂ ಮಾಡಬಾರದು.

“ಒತ್ತಿ ನೋಡು” ಎಂದ ನನ್ನ ತಪ್ಪು ಈಗ ಅರ್ಥವಾಯಿತಲ್ಲ? ಒತ್ತಿದ್ದು ಸಾಲದೆಂಬಂತೆ ಸೆಲ್ಲುಗಳನ್ನು ಇಡೀ ರಾತ್ರಿ ಒಳಗೇ ಬಿಟ್ಟಿದ್ದೆ.

ಒಲೆಯೂ ಬೇಡ, ಅಕ್ಕಿಯೂ ಬೇಡ

ಇನ್ನು ಒಲೆಯ ವಿಷಯ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಬಚ್ಚಲ ಒಲೆಯಷ್ಟು ಉಪಕಾರಿ ಬೇರೊಂದಿಲ್ಲ ನಿಜ. ಆದರೆ ಟಾರ್ಚಿನ ಪ್ಲಾಸ್ಟಿಕ್ಕು ಬಿಸಿಗೆ ಸೊಟ್ಟಗಾದರೆ ಮುಚ್ಚಳ ಮತ್ತೆ ಸರಿಯಾಗಿ ಕೂರುವುದಿಲ್ಲ. ಒಳಗಿನ ರಬ್ಬರ್ ರಿಂಗು ಗಡುಸಾಗಿ ಬಿರುಕು ಬಿಡುತ್ತದೆ. ಸೆಲ್ಲು ಒಳಗಿದ್ದರಂತೂ ಕಾವು ಅಪಾಯಕಾರಿ.

ಅಕ್ಕಿ ಡಬ್ಬದ ಉಪಾಯವೂ ನಂಬಿದಷ್ಟು ಫಲಕಾರಿಯಲ್ಲ. ಗಾಳಿಯಾಡುವ ಕಡೆ ಬಿಚ್ಚಿಟ್ಟರೆ ಒಣಗುವುದಕ್ಕಿಂತ ಅಕ್ಕಿಯಲ್ಲಿ ಹೆಚ್ಚೇನೂ ಬೇಗ ಒಣಗುವುದಿಲ್ಲ. ಬದಲಿಗೆ ಅಕ್ಕಿಯ ಹಿಟ್ಟು ಒದ್ದೆ ಸ್ವಿಚ್ಚಿನೊಳಗೆ ಸೇರಿ ಅಂಟಾಗುತ್ತದೆ. ಟಾರ್ಚನ್ನು ತಿರುಪು ಬಿಚ್ಚಿ ತಲೆ, ಗಾಜು, ರಿಫ್ಲೆಕ್ಟರು, ಹಿಂದಿನ ಮುಚ್ಚಳ ಎಲ್ಲವನ್ನೂ ಬೇರೆ ಬೇರೆ ಮಾಡಿ ಬಟ್ಟೆಯ ಮೇಲೆ ಹರಡಿಡುವುದೇ ಒಳ್ಳೆಯ ದಾರಿ. ಫ್ಯಾನಿದ್ದರೆ ಅದರ ಕೆಳಗೆ ಒಂದೆರಡು ದಿನ ಇಡಿ. ಹೊಸ ಚಪ್ಪಲಿ, ಚೀಲಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳಿದ್ದರೆ ಒಂದು ಮುಚ್ಚಿದ ಡಬ್ಬಿಯಲ್ಲಿ ಅವುಗಳೊಡನೆ ಇಡಬಹುದು. ಆ ಪೊಟ್ಟಣ ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ.

ಕೆಸರು ನೀರಿಗೆ ಬಿದ್ದ ಟಾರ್ಚಾದರೆ ಒಣಗಿಸುವ ಮೊದಲು ಬಿಡಿಭಾಗಗಳನ್ನು ಒಳ್ಳೆಯ ನೀರಿನಲ್ಲಿ ಜಾಲಿಸಿ ತೊಳೆಯಬೇಕು. ಒದ್ದೆಯಾದದ್ದನ್ನು ಮತ್ತೆ ಒದ್ದೆ ಮಾಡುವುದೇ ಎಂದು ಹಿಂಜರಿಯಬೇಡಿ. ಕೆಸರು ಒಳಗೇ ಒಣಗಿದರೆ ಆಮೇಲೆ ಬಿಡಿಸುವುದು ಕಷ್ಟ. ಕರಾವಳಿಯವರಿಗಂತೂ ಇದು ಕಡ್ಡಾಯ. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ, ಗಾಳಿಯ ತೇವವನ್ನು ಎಳೆದುಕೊಂಡು ತುಕ್ಕಿನ ಕೆಲಸ ಮುಂದುವರಿಸುತ್ತದೆ. ಸಮುದ್ರದ ನೀರಿನಲ್ಲಿ ಗಂಟೆಗಟ್ಟಲೆ ಇದ್ದ ಟಾರ್ಚಿನ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳದಿರುವುದೇ ಮೇಲು.

ನಿಮ್ಮದು ಯಾವ ಬಗೆಯ ಟಾರ್ಚು?

ರಿಪೇರಿಗೆ ಕೈಹಾಕುವ ಮುನ್ನ ಇದನ್ನು ನೋಡಿಕೊಳ್ಳಬೇಕು. ಇಂದು ಮನೆಗಳಲ್ಲಿ ಮುಖ್ಯವಾಗಿ ಮೂರು ಬಗೆಯವು ಕಾಣುತ್ತವೆ.

ಮೊದಲನೆಯದು, ಬಿಡಿ ಸೆಲ್ಲು ಹಾಕುವ ಟಾರ್ಚು. ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಎಂಬಾತ 1899ರಲ್ಲಿ ಪೇಟೆಂಟ್ ಪಡೆದ ಟಾರ್ಚಿಗೂ ಇದಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ: ಒಂದು ಕೊಳವೆ, ಅದರಲ್ಲಿ ಸಾಲಾಗಿ ಸೆಲ್ಲು, ತುದಿಯಲ್ಲಿ ಬಲ್ಬು. ಆ ಕಾಲದ ಸೆಲ್ಲುಗಳಿಗೆ ಶಕ್ತಿ ಸಾಲದೆ ದೀಪವನ್ನು ಕ್ಷಣಕಾಲ ಮಿನುಗಿಸಿ ಆರಿಸಬೇಕಿತ್ತು. ಇಂಗ್ಲಿಷಿನ ‘ಫ್ಲ್ಯಾಶ್‌ಲೈಟ್’ ಎಂಬ ಹೆಸರು ಬಂದದ್ದು ಹಾಗೆ. ಹಳೆಯ ಬಲ್ಬಿನ ಟಾರ್ಚಿನಲ್ಲಿ ಕೆಡುವಂಥದ್ದು ಬಹಳವಿಲ್ಲ. ಎರಡು ಸೆಲ್ಲಿಗೆ 2.5 ವೋಲ್ಟಿನ ಬಲ್ಬು, ಒಂದು ಸ್ಪ್ರಿಂಗು, ಒಂದು ಸ್ವಿಚ್ಚು, ಅಷ್ಟೆ. ಎಲ್‌ಇಡಿ ಬಂದ ಮೇಲೆ ಸ್ವಲ್ಪ ಬದಲಾಗಿದೆ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಒಂದೇ ಸೆಲ್ಲಿನ ಟಾರ್ಚಾದರೆ 1.5 ವೋಲ್ಟನ್ನು ಏರಿಸಲು ಒಳಗೊಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ಆದರೂ ಮನೆಯಲ್ಲೇ ಬಿಚ್ಚಿ ನೋಡಲು, ಮಕ್ಕಳು ಕಲಿಯಲು ಇದೇ ತಕ್ಕದ್ದು.

ಎರಡನೆಯದು, ಬೆನ್ನಿನಿಂದ ಎರಡು ಪಿನ್ನು ಹೊರಬಂದು ನೇರವಾಗಿ ಗೋಡೆಯ ಪ್ಲಗ್ಗಿಗೆ ಸೇರುವ ಚಾರ್ಜಿನ ಟಾರ್ಚು. ಇಂಥವುಗಳಲ್ಲಿ ಬಹಳಷ್ಟರೊಳಗೆ 4 ವೋಲ್ಟಿನ ಸೀಸದ ಬ್ಯಾಟರಿ ಇರುತ್ತದೆ. ಅಗ್ಗದ ಟಾರ್ಚುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ, ಒಂದು ಕೆಪಾಸಿಟರಿನ ಮೂಲಕ 230 ವೋಲ್ಟಿನ ಕರೆಂಟಿಗೆ ಒಳಭಾಗ ನೇರವಾಗಿ ಜೋಡಿಕೊಂಡಿರುತ್ತದೆ. ಒಣಗಿದ್ದಾಗ ಪ್ಲಾಸ್ಟಿಕ್ಕಿನ ಕವಚವೇ ನಮಗೆ ರಕ್ಷಣೆ. ಒಳಗೆ ನೀರು ಸೇರಿದರೆ ಆ ರಕ್ಷಣೆಯನ್ನು ನಂಬುವಂತಿಲ್ಲ. ನೆನೆದ ಇಂಥ ಟಾರ್ಚನ್ನು “ಚಾರ್ಜಾಗ್ತದೋ ನೋಡೋಣ” ಎಂದು ಪ್ಲಗ್ಗಿಗೆ ಸಿಕ್ಕಿಸುವುದು ಪ್ರಾಣಕ್ಕೆ ಕುತ್ತು. ಮಕ್ಕಳು ಇದನ್ನು ಬಿಚ್ಚಬಾರದು. ಪ್ಲಗ್ಗಿನಿಂದ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ನುರಿತ ರಿಪೇರಿಯವರಿಗೆ ತೋರಿಸಿ, ಇಲ್ಲವೆ ಹೊಸದು ಕೊಳ್ಳಿ.

ಮೂರನೆಯದು, ಮೊಬೈಲಿನಂತೆ ಕೇಬಲ್ಲಿನಿಂದ ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿಯ ಟಾರ್ಚು. ಇದರ ಸೆಲ್ಲು 3.7 ವೋಲ್ಟಿನದು, ಪೂರ್ತಿ ಚಾರ್ಜಾದಾಗ 4.2 ವೋಲ್ಟ್. ನೀರು ಸೇರಿದ ಲಿಥಿಯಂ ಸೆಲ್ಲು ಮೇಲುನೋಟಕ್ಕೆ ಚೆನ್ನಾಗಿ ಕಂಡರೂ ಒಳಗೆ ತುಕ್ಕು ಹಿಡಿದು, ಮುಂದೆ ಚಾರ್ಜ್ ಮಾಡುವಾಗ ಕಾದು ಬೆಂಕಿ ಹತ್ತುವ ಅಪಾಯವುಂಟು. ಸೆಲ್ಲು ಉಬ್ಬಿದ್ದರೆ, ಸಿಹಿ ಸಿಹಿಯಾದ ವಿಚಿತ್ರ ವಾಸನೆ ಬಂದರೆ, ಮುಟ್ಟಿದಾಗ ಬೆಚ್ಚಗಿದ್ದರೆ ಮನೆಯ ಹೊರಗೆ, ಸುಡುವ ವಸ್ತುಗಳಿಂದ ದೂರ ಇಡಿ. ಟಾರ್ಚಿನ ಉಳಿದ ಭಾಗ ಚೆನ್ನಾಗಿದ್ದರೂ ನೆನೆದ ಲಿಥಿಯಂ ಸೆಲ್ಲಿನ ವಿಷಯದಲ್ಲಿ ಜಿಪುಣತನ ಸಲ್ಲದು.

ಬಿಚ್ಚಿದಾಗ ಕಂಡದ್ದು

ನಮ್ಮದು ಮೊದಲನೆಯ ಬಗೆಯದು. ಭಾನುವಾರ ನಾನೂ ಮಗನೂ ಜಗಲಿಯಲ್ಲಿ ಹಳೆಯ ಪೇಪರು ಹಾಸಿಕೊಂಡು ಕೂತೆವು. ಗಾಜಿನ ಒಳಮೈಯಲ್ಲಿ ಹಬೆ ಕಟ್ಟಿತ್ತು. ಸ್ಪ್ರಿಂಗಿನ ಬುಡದಲ್ಲಿ ಕೆಂಪು ತುಕ್ಕು. ಸ್ವಿಚ್ಚಿನ ಒಳಗಿನ ಹಿತ್ತಾಳೆ ಪಟ್ಟಿಗೆ ಹಸಿರು ಕಿಲುಬು, ಅದರ ಸಂದಿಯಲ್ಲಿ ನುಣ್ಣನೆಯ ಕೆಸರು. ಕಾಲುಸಂಕದ ಮೇಲೆ ದೀಪ ಯಾಕೆ ಆರಿತೆಂದು ಕೇಳುವ ಅಗತ್ಯವೇ ಇರಲಿಲ್ಲ.

ಇಂಥದ್ದಕ್ಕೆ ಮಾಡಬೇಕಾದ್ದು ಸರಳ. ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ಸಣ್ಣ ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಕಿಲುಬಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ನಿಂಬೆರಸ ಮುಟ್ಟಿಸಿ ತಿಕ್ಕಿ, ನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಸರ್ಕ್ಯೂಟಿನ ಹಲಗೆಯಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಬ್ರಷ್ಷಿನಲ್ಲಿ ತೊಳೆಯಬಹುದು. ಅದು ನೀರನ್ನು ತನ್ನೊಡನೆ ಸೇರಿಸಿಕೊಂಡು ಬೇಗ ಆರುತ್ತದೆ. ಬೆಂಕಿಗೆ ತಟ್ಟನೆ ಹತ್ತಿಕೊಳ್ಳುವ ದ್ರವವಾದ್ದರಿಂದ ಒಲೆ, ದೀಪ ಹತ್ತಿರವಿರಬಾರದು.

ಸೆಲ್ಲು ಸೋರಿದ್ದರೆ ಮಾತ್ರ ಸ್ವಲ್ಪ ಎಚ್ಚರ ಬೇಕು. ಸಾಮಾನ್ಯ ಟಾರ್ಚು ಸೆಲ್ಲಿನ ಹೊರಕೋಶ ಸತುವಿನದು. ಸೆಲ್ಲು ಕೆಲಸ ಮಾಡಿದಷ್ಟೂ ಆ ಸತುವು ಸವೆಯುತ್ತದೆ, ಕೊನೆಗೆ ತೂತಾಗಿ ಒಳಗಿನ ಆಮ್ಲೀಯ ಪದಾರ್ಥ ಹೊರಬರುತ್ತದೆ. ಇದನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ಒರೆಸಬೇಕು. ಆಲ್ಕಲೈನ್ ಎಂದು ಬರೆದಿರುವ ಸೆಲ್ಲಿನಿಂದ ಸೋರುವುದು ಇದಕ್ಕೆ ವಿರುದ್ಧ ಗುಣದ ಕ್ಷಾರ. ಅದಕ್ಕೆ ನಿಂಬೆರಸ ಅಥವಾ ವಿನೆಗರ್ ಬೇಕು. ಆಮ್ಲ, ಪ್ರತ್ಯಾಮ್ಲಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಕ್ಕೀತು? ಎರಡರಲ್ಲಿ ಯಾವುದೇ ಆದರೂ ಕೈಗೆ ರಬ್ಬರ್ ಗವಸಿರಲಿ, ಕಣ್ಣಿಗೆ ತಾಗದಿರಲಿ.

ಎಲ್ಲಿಗೆ ನಿಲ್ಲಿಸಬೇಕು ಎಂಬುದೂ ಗೊತ್ತಿರಬೇಕು. ಉಜ್ಜಿದಾಗ ಲೋಹದ ಪಟ್ಟಿಯೇ ಪುಡಿಯಾಗಿ ಉದುರಿದರೆ, ಸರ್ಕ್ಯೂಟಿನ ತಾಮ್ರದ ಗೆರೆಗಳು ಕಪ್ಪಾಗಿ ಎದ್ದು ಬಂದಿದ್ದರೆ, ಮುಚ್ಚಳದ ತಿರುಪು ತುಕ್ಕಿಗೆ ಕಿತ್ತುಹೋಗಿದ್ದರೆ, ರಿಫ್ಲೆಕ್ಟರಿನ ಹೊಳಪೇ ಸುಲಿದಿದ್ದರೆ ಮುಂದುವರಿಯುವುದು ಹಠವಾದೀತೇ ಹೊರತು ರಿಪೇರಿಯಾಗದು.

ಮೂರು ಪರೀಕ್ಷೆ

ರಿಪೇರಿಯಾಯಿತು, ದೀಪ ಹತ್ತಿತು. ಇಷ್ಟಕ್ಕೇ ಪಾಸು ಎನ್ನುವಂತಿಲ್ಲ. ಮೂರು ಪರೀಕ್ಷೆಗಳಿವೆ.

ಒಂದು, ಹೊಸ ಸೆಲ್ಲು ಹಾಕಿ ಅರ್ಧ ಗಂಟೆ ನಿಲ್ಲಿಸದೆ ಉರಿಸುವುದು. ಬೆಳಕು ಇದ್ದಕ್ಕಿದ್ದಂತೆ ಕುಗ್ಗಬಾರದು. ಸ್ವಿಚ್ಚಿನ ಹತ್ತಿರವಾಗಲಿ ಸೆಲ್ಲಿರುವ ಕಡೆಯಾಗಲಿ ಬಿಸಿಯಾಗಬಾರದು.

ಎರಡು, ಉರಿಯುತ್ತಿರುವಾಗಲೇ ಅಂಗೈ ಮೇಲೆ ಹತ್ತಾರು ಸಲ ತಟ್ಟುವುದು, ಅಲ್ಲಾಡಿಸುವುದು. ನಡೆಯುವಾಗ, ಎಡವಿದಾಗ ಟಾರ್ಚಿಗೆ ಆಗುವುದು ಇದೇ. ಒಂದು ಸಲ ಮಿಣುಕಿದರೂ ಫೇಲು.

ಮೂರು, ಸೆಲ್ಲು ಒಳಗಿಟ್ಟು, ಆರಿಸಿ, ಒಂದು ರಾತ್ರಿ ಬಿಡುವುದು. ಬೆಳಿಗ್ಗೆ ಗಾಜಿನೊಳಗೆ ಹಬೆ ಕಂಡರೆ ತೇವ ಇನ್ನೂ ಒಳಗಿದೆ ಎಂದರ್ಥ. ಮತ್ತೆ ಬಿಚ್ಚಿ ಒಣಗಿಸಬೇಕು.

ಲೆಕ್ಕ ಹಾಕುವುದು ಹೇಗೆ?

ಸಾಮಾನ್ಯವಾಗಿ ನಾವು ರಿಪೇರಿಯ ಖರ್ಚನ್ನು ಹೊಸದರ ಬೆಲೆಯೊಡನೆ ತೂಗುತ್ತೇವೆ. ಅರ್ಧಕ್ಕಿಂತ ಕಡಿಮೆಯಾದರೆ ರಿಪೇರಿ, ಹೆಚ್ಚಾದರೆ ಹೊಸದು. ರೇಡಿಯೋ, ಮಿಕ್ಸಿಗಳಿಗೆ ಈ ಲೆಕ್ಕ ಸರಿ. ಟಾರ್ಚಿಗೆ ಅದರ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಆರಿಹೋದರೆ ನಾನು ಎಲ್ಲಿ ನಿಂತಿರುತ್ತೇನೆ?

ಅಟ್ಟದ ಮೇಲೆ ಪಾತ್ರೆ ಹುಡುಕುತ್ತಿದ್ದರೆ ಕೆಳಗಿನಿಂದ ಇನ್ನೊಬ್ಬರು ದೀಪ ತಂದಾರು. ಕರೆಂಟು ಹೋದಾಗ ಮೇಣದಬತ್ತಿ ಹುಡುಕಲಿಕ್ಕಾದರೆ ಒಂದು ಕ್ಷಣ ತಡವಾದರೂ ನಷ್ಟವಿಲ್ಲ. ಆದರೆ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವವರ, ಬಸ್ಸಿಳಿದು ಕಾಡುದಾರಿಯಲ್ಲಿ ಬರುವ ಮಕ್ಕಳ, ಹೊತ್ತಿಗೆ ಮುಂಚೆ ಹಾಲು ಕರೆಯಲು ಕೊಟ್ಟಿಗೆಗೆ ಹೋಗುವ ಹೆಂಗಸರ ಕೈಯ ಟಾರ್ಚಿನ ಮಾತೇ ಬೇರೆ. ನಮ್ಮ ನಾಡಿನ ವಿಷದ ಹಾವುಗಳಲ್ಲಿ ಕಟ್ಟುಹಾವು ರಾತ್ರಿಯೇ ಸಂಚರಿಸುವಂಥದ್ದು. ಕೊಳಕುಮಂಡಲವೂ ಕತ್ತಲಲ್ಲಿ ಹೊರಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವು ಕಡಿತದ ವಿಷಬಾಧೆಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ತಜ್ಞರು ಹೇಳುವ ಮುನ್ನೆಚ್ಚರಿಕೆಗಳಲ್ಲಿ ಮುಖ್ಯವಾದವು ಎರಡು: ಕಾಲಿಗೆ ಚಪ್ಪಲಿ ಅಥವಾ ಬೂಟು, ಕೈಯಲ್ಲಿ ಬೆಳಕು.

ಆದ್ದರಿಂದ ದಾರಿಯ ಟಾರ್ಚಿನ ಬಗ್ಗೆ ಸಣ್ಣ ಅನುಮಾನ ಬಂದರೂ ಹೊಸದು ಕೊಳ್ಳುವುದೇ ಸರಿ. ಮನೆಯೊಳಗಿನ ಟಾರ್ಚಾದರೆ ರಿಪೇರಿ ಮಾಡಿ ಬಾಳಿಸುವುದೇ ಸರಿ. ದುಡ್ಡಿನ ಲೆಕ್ಕ ಆಮೇಲಿನದು.

ಹೊಸದು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ‘ಐಪಿ’ ಎಂದು ಆರಂಭವಾಗುವ ಗುರುತನ್ನು ನೋಡಿ. ‘ಐಪಿಎಕ್ಸ್4’ ಎಂದಿದ್ದರೆ ಸುತ್ತಲಿಂದ ಎರಚುವ ನೀರನ್ನು ತಾಳೀತು. ‘ಐಪಿಎಕ್ಸ್7’ ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಕೆಡಬಾರದು. ಮುಚ್ಚಳದ ಬಳಿ ರಬ್ಬರ್ ರಿಂಗು ಇದೆಯೇ, ಸ್ವಿಚ್ಚಿಗೆ ರಬ್ಬರಿನ ಹೊದಿಕೆ ಇದೆಯೇ, ಅಂಟು ಹಾಕದೆ ತಿರುಪಿನಿಂದಲೇ ಬಿಚ್ಚಲು ಬರುತ್ತದೆಯೇ ಎಂದು ಕೈಯಲ್ಲಿ ಹಿಡಿದು ನೋಡಿ. ನಿಮ್ಮೂರ ಅಂಗಡಿಯಲ್ಲಿ ಸಿಗುವ ಸೆಲ್ಲೇ ಇದಕ್ಕೆ ಹಿಡಿಸುವಂತಿರಲಿ.

ಸತ್ತ ಸೆಲ್ಲನ್ನು ಗೊಬ್ಬರಗುಂಡಿಗಾಗಲಿ ಒಲೆಗಾಗಲಿ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮನೆಯ ಕಸದಿಂದ ಬೇರೆಯಾಗಿಟ್ಟು ಸಂಗ್ರಹಿಸುವವರಿಗೆ ಕೊಡುವುದು ಬಳಕೆದಾರರ ಹೊಣೆ. ಒಂದು ಡಬ್ಬಿಯಲ್ಲಿ ಕೂಡಿಟ್ಟು, ಪೇಟೆಗೆ ಹೋದಾಗ ಒಯ್ದು ಕೊಡಬಹುದು. ಲಿಥಿಯಂ ಸೆಲ್ಲಿನ ಎರಡೂ ತುದಿಗೆ ಟೇಪು ಸುತ್ತಿರಬೇಕು.

ತಂದೆತಾಯಿಯರಿಗೆ ಒಂದು ಮಾತು. ನೆನೆದ ಟಾರ್ಚನ್ನು ಮಕ್ಕಳ ಕೈಯಿಂದ ಕಿತ್ತುಕೊಂಡು “ಹಾಳು ಮಾಡಿದೆ” ಎಂದು ಬೈಯುವುದು ಸುಲಭ. ಬಿಡಿ ಸೆಲ್ಲಿನ ಟಾರ್ಚಾದರೆ ಜೊತೆಗೆ ಕೂತು ಬಿಚ್ಚಿಸಿ. ಪರೀಕ್ಷೆಯಲ್ಲಿ ವಿದ್ಯುನ್ಮಂಡಲದ ಚಿತ್ರ ಬರೆದು ಅಂಕ ತೆಗೆಯುವ ಮಗು ಕೈಯಲ್ಲಿರುವ ಟಾರ್ಚಿನಲ್ಲಿ ಆ ಮಂಡಲ ಎಲ್ಲಿ ಕಡಿದಿದೆ ಎಂದು ಹುಡುಕಬಲ್ಲದೇ ನೋಡಿ. ಯಾವುದನ್ನು ಉಳಿಸಬಹುದು, ಯಾವುದನ್ನು ಬಿಡಬೇಕು ಎಂಬ ವಿವೇಕ ಹೀಗೆ ಕೈ ಕೊಳೆ ಮಾಡಿಕೊಂಡೇ ಬರಬೇಕು.

ನಮ್ಮ ಟಾರ್ಚಿನ ಕಥೆ ಏನಾಯಿತು ಎನ್ನುತ್ತೀರಾ? ಮಗ ಹಳೆಯ ಮುರುಕಲು ಟಾರ್ಚಿನಿಂದ ಒಂದು ಸ್ಪ್ರಿಂಗು ತೆಗೆದು ಇದಕ್ಕೆ ಹೊಂದಿಸಿದ, ಸ್ವಿಚ್ಚಿನ ಪಟ್ಟಿ ಉಜ್ಜಿದ. ಮೊದಲನೆಯ ಪರೀಕ್ಷೆಯಲ್ಲಿ ಅರ್ಧ ಗಂಟೆ ಚೆನ್ನಾಗಿ ಉರಿಯಿತು. ಎರಡನೆಯದರಲ್ಲಿ, ಹದಿನಾಲ್ಕನೆಯ ತಟ್ಟಿಗೆ ಒಮ್ಮೆ ಮಿಣುಕಿತು. ನಾನು ಪರವಾಗಿಲ್ಲ ಎನ್ನುವವನಿದ್ದೆ. “ಬೇಡ ಅಪ್ಪಯ್ಯ, ಇದು ಸಂಕ ದಾಟುವುದಕ್ಕೆ ಆಗಲ್ಲ” ಎಂದ ಅವನೇ.

ಈಗ ಅದು ಅಟ್ಟದ ಏಣಿಯ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಅಜ್ಜಿಗೆ ಉಪ್ಪಿನಕಾಯಿ ಭರಣಿ ಹುಡುಕಲು ಅದೇ ಬೆಳಕು. ಹೊಸದು ಬಾಗಿಲ ಹಿಂದಿದೆ, ದಾರಿಗೆ ಮಾತ್ರ.